ಮಾಮನ ತೊಡೆ, ಮಗನ ಜಡೆ

ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಬಾಬಿನ್ ಹುಡುಕುತ್ತಿದ್ದಾಗ ಒಂದು ಹಳದಿ ಚಿಟ್ಟೆ ಕ್ಲಿಪ್ ಕೈಗೆ ಸಿಕ್ಕಿತು. ಒಂದು ರೆಕ್ಕೆ ಮುರಿದಿತ್ತು. ನನಗೆ ಹೆಣ್ಣುಮಕ್ಕಳಿಲ್ಲ. ಇರುವವನು ಒಬ್ಬನೇ ಮಗ, ಚರಣ. ಈಗ ಮೂರನೇ ಕ್ಲಾಸು. ಕ್ಲಿಪ್ಪನ್ನು ಅವನ ಮುಂದೆ ಹಿಡಿದು, "ಇದು ಯಾರ್ದು ಹೇಳು ನೋಡೋಣ" ಎಂದೆ.

"ನಂಗೇನ್ ಗೊತ್ತು? ನಿಂದೇ ಇರ್ಬೇಕು" ಎಂದು ಬ್ಯಾಟು ಎತ್ತಿಕೊಂಡು ಹೊರಟ. ಬಾಗಿಲು ದಾಟಿದವನು ಮತ್ತೆ ತಲೆ ಮಾತ್ರ ಒಳಗಿಟ್ಟು, "ಯಾರ್ಗೂ ತೋರಿಸ್ಬೇಡ ಕಣಮ್ಮ" ಎಂದ.

ಯಾರಿಗೂ ತೋರಿಸುವುದಿಲ್ಲ. ನಿಮಗೆ ಹೇಳುತ್ತೇನೆ, ಅಷ್ಟೇ. ನನ್ನ ಮಗ ನಾಲ್ಕನೇ ವರ್ಷದವರೆಗೂ ಸೊಂಟ ಮುಟ್ಟುವ ಜಡೆ ಬಿಟ್ಟುಕೊಂಡು ಓಡಾಡಿದವನು. ಅದಕ್ಕೆ ಕಾರಣ ದೇವರಲ್ಲ, ಹರಕೆಯಲ್ಲ. ಈರುಳ್ಳಿ.

ನಾವಿರುವುದು ಮಾಲೂರು ತಾಲ್ಲೂಕಿನಲ್ಲಿ, ಮಾಸ್ತಿಯ ಹತ್ತಿರದ ಒಂದು ಹಳ್ಳಿ. ನಮ್ಮ ಯಜಮಾನರು ನಾರಾಯಣಸ್ವಾಮಿ ನರಸಾಪುರದ ಒಂದು ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಾರೆ. ಮನೆಯಲ್ಲಿ ಎರಡು ಹಸು, ಒಬ್ಬರು ಅತ್ತೆ. ನನ್ನ ತವರು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ. ಅಲ್ಲಿ ನನ್ನ ತಮ್ಮ ಮುನಿರಾಜು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಾನೆ. ಗಂಡನ ಮನೆಗೂ ತವರಿಗೂ ನಡುವೆ ಎರಡು ಬಸ್ ಬದಲಾಯಿಸುವಷ್ಟು ದೂರ. ಆದರೆ ನನ್ನ ಗಂಡನಿಗೂ ತಮ್ಮನಿಗೂ ನಡುವೆ ಬಿದ್ದ ದೂರಕ್ಕೆ ಯಾವ ಬಸ್ಸೂ ಇರಲಿಲ್ಲ.

ಅದು ಬಿದ್ದದ್ದು ಚರಣನ ನಾಮಕರಣದ ದಿನ. ಸೋದರಮಾವ ತೊಟ್ಟಿಲು ತರಬೇಕೆಂದು ಮುನಿರಾಜು ಹಲಸಿನ ಮರದ ತೊಟ್ಟಿಲು ಮಾಡಿಸಿ, ಬಣ್ಣ ಹೊಡೆಸಿ, ಗಿಳಿ ಕೆತ್ತಿಸಿ, ಟೆಂಪೋದಲ್ಲಿ ತಾನೇ ಹಿಡಿದುಕೊಂಡು ಕೂತು ತಂದಿದ್ದ. ಬಂದು ನೋಡಿದರೆ ನಡುಮನೆಯಲ್ಲಿ ಆಗಲೇ ಒಂದು ತೊಟ್ಟಿಲು ತೂಗುತ್ತಿತ್ತು. ಯಜಮಾನರು ಫೋನಿನಲ್ಲಿ ಆರ್ಡರ್ ಮಾಡಿ ತರಿಸಿದ್ದು. ಸ್ವಿಚ್ ಒತ್ತಿದರೆ ತಾನೇ ತೂಗುತ್ತದೆ, ಜೊತೆಗೆ ಯಾವ ದೇಶದ್ದೆಂದು ತಿಳಿಯದ ಒಂದು ಜೋಗುಳವನ್ನೂ ಹಾಡುತ್ತದೆ. ಬಂದ ನೆಂಟರೆಲ್ಲ ಮಗುವನ್ನು ಬಿಟ್ಟು ಸ್ವಿಚ್ಚನ್ನು ನೋಡುತ್ತಿದ್ದರು. ಹಲಸಿನ ತೊಟ್ಟಿಲು ಹಿತ್ತಲ ಜಗುಲಿಗೆ ಹೋಯಿತು. ಅಲ್ಲಿ ಅಡುಗೆಯವರಿಗೆ ಈರುಳ್ಳಿ ಸುರಿದುಕೊಳ್ಳಲು ಜಾಗ ಬೇಕಾಗಿತ್ತು.

ಮುನಿರಾಜು ಕೈ ತೊಳೆಯಲು ಹಿತ್ತಲಿಗೆ ಹೋದವನು ಅಲ್ಲೇ ನಿಂತುಬಿಟ್ಟ. ನಾನು ಹಿಂದೆಯೇ ಹೋದೆ.

"ಏನಕ್ಕ ಇದು?"

"ಈರುಳ್ಳಿ ಕಣೋ" ಎಂದೆ. ಬಾಣಂತಿಯ ಬುದ್ಧಿಗೆ ಅಷ್ಟೇ ಹೊಳೆದದ್ದು.

ನನ್ನ ತಮ್ಮನಿಗೆ ಪ್ರೀತಿ ಬಂದರೆ ಕನ್ನಡ, ಸಿಟ್ಟು ಬಂದರೆ ತೆಲುಗು. "ನೇನು ತೊಟ್ಲು ತಂದಿದ್ದು ಬಿಡ್ಡಕಿ ಕಣಕ್ಕ, ಎರ್ರಗಡ್ಡಲಿಕಿ ಕಾದು" ಎಂದ. ತೊಟ್ಟಿಲು ತಂದದ್ದು ಮಗುವಿಗೆ, ಈರುಳ್ಳಿಗಲ್ಲ ಎಂದು. ಎರಡೂ ಬೆರೆತು ಬಂದಿತ್ತೆಂದರೆ ಸಿಟ್ಟಿನ ಜೊತೆ ಅಳುವೂ ಇತ್ತೆಂದು ಅರ್ಥ. ಇಷ್ಟರಲ್ಲಿ ಯಜಮಾನರು ಬಂದರು. ವಿಷಯ ಅರ್ಥವಾಯಿತು. ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಅವರಿಗೆ ಪರಿಸ್ಥಿತಿ ತಿಳಿಗೊಳಿಸುವ ಆಸೆ ಜಾಸ್ತಿ. ತೊಟ್ಟಿಲನ್ನು ತಟ್ಟಿ, "ನೋಡು ಮುನಿರಾಜು, ಎಷ್ಟು ಗಟ್ಟಿ ಮಾಡಿಸಿದೀಯ! ಒಂದು ಮೂಟೆ ಪೂರ್ತಿ ಹಿಡಿಸಿದೆ" ಎಂದರು.

ಮುನಿರಾಜು ಊಟ ಮಾಡದೆ ಹೊರಟುಹೋದ.

ಮಧ್ಯಾಹ್ನ ಕರೆಂಟು ಹೋಯಿತು. ನಮ್ಮ ಕಡೆ ಅದು ಹೋಗುವುದಕ್ಕೆ ಕಾರಣ ಬೇಕಿಲ್ಲ. ಸ್ವಿಚ್ಚಿನ ತೊಟ್ಟಿಲು ಅರ್ಧ ತೂಗಿನಲ್ಲಿ ನಿಂತಿತು, ಮಗು ಊರೆಲ್ಲ ಕೇಳುವಂತೆ ಅತ್ತಿತು. ಕೊನೆಗೆ ಈರುಳ್ಳಿ ತೆಗೆದು, ಹಲಸಿನ ತೊಟ್ಟಿಲು ತೊಳೆದು ಅದರಲ್ಲೇ ಮಲಗಿಸಿದೆವು. ಮುಂದೆ ಮಗು ನಡೆಯುವವರೆಗೂ ಅದರಲ್ಲೇ ಮಲಗಿದ್ದು. ಈ ಸಂಗತಿಯನ್ನು ಮುನಿರಾಜುವಿಗೆ ಹೇಳಬೇಕೆಂದು ನಾನೆಂದರೆ, "ಅವ್ನು ಎದ್ದು ಹೋದೋನು. ಅವ್ನೇ ಬಂದು ನೋಡ್ಲಿ" ಎನ್ನುವುದು ಯಜಮಾನರ ಉತ್ತರ. "ಬಾವ ಬಂದು ಕರೀಲಿ, ಬರ್ತೀನಿ" ಎನ್ನುವುದು ತಮ್ಮನದು. ಇಬ್ಬರೂ ಬರುವವರೇ, ಆದರೆ ಇನ್ನೊಬ್ಬರು ಬಂದ ಮೇಲೆ.

ಇಲ್ಲಿಂದ ಕೂದಲಿನ ಕಥೆ ಶುರುವಾಯಿತು. ನಮ್ಮ ಅತ್ತೆಯ ಕಾನೂನಿನ ಪ್ರಕಾರ ಮಗುವಿನ ಹುಟ್ಟುಗೂದಲನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ತೆಗೆಯಬೇಕು. ಮನೆದೇವರು ಮುನೇಶ್ವರನ ಸನ್ನಿಧಿಯಲ್ಲೇ ತೆಗೆಯಬೇಕು. ಬೆಸ ವರ್ಷದಲ್ಲೇ ತೆಗೆಯಬೇಕು. ಅಲ್ಲಿಯವರೆಗೆ ಕತ್ತರಿ ಹತ್ತಿರ ಸುಳಿಯಬಾರದು. ಮೊದಲ ವರ್ಷ ಈರುಳ್ಳಿಯ ಬಿಸಿಯಲ್ಲಿ ಹೋಯಿತು. ಎರಡನೆಯದು ಸಮ ಸಂಖ್ಯೆ. ಮೂರನೆಯ ವರ್ಷ ಯಜಮಾನರು ಮನಸ್ಸು ದೊಡ್ಡದು ಮಾಡಿಕೊಂಡು ಬಾಮೈದನನ್ನು ಕರೆದರು. ಹೇಗೆ ಕರೆದರೆಂದರೆ, ವಾಟ್ಸಾಪಿನಲ್ಲಿ. ಮುನೇಶ್ವರನ ಫೋಟೋ ಹಾಕಿ ಮಾಡಿಸಿದ ಆಹ್ವಾನವನ್ನು ಕಂಪನಿ ಬಸ್ಸಿನ ಗುಂಪಿಗೂ ಹಾಲಿನ ಡೇರಿಯವರಿಗೂ ಕಳಿಸಿ, ಅದನ್ನೇ ಮುನಿರಾಜುವಿಗೂ ತಳ್ಳಿದರು. ಅದರ ಮೇಲೆ 'ಫಾರ್ವರ್ಡೆಡ್' ಎಂದು ಸಣ್ಣಕ್ಷರದಲ್ಲಿ ಬಿದ್ದಿತ್ತು.

ಮುನಿರಾಜು ಒಂದು ಹೆಬ್ಬೆರಳು ಕಳಿಸಿದ.

"ನೋಡಿದ್ಯಾ ಕೊಬ್ಬು? ಹೆಬ್ಬೆರಳು ತೋರಿಸ್ತಾನೆ!" ಎಂದರು ಯಜಮಾನರು.

ಅತ್ತ ತಮ್ಮ ನನಗೆ ಫೋನ್ ಮಾಡಿ, "ಸೋದರಮಾವನ್ನ ಯಾರಾದ್ರೂ ಫಾರ್ವರ್ಡ್ ಮಾಡಿ ಕರೀತಾರಾ ಅಕ್ಕ? ಎಲೆ ಅಡಿಕೆ ಇಟ್ಟು ಕರೀಬೇಕು. ಅದೂ ಅಲ್ದೆ ನಮ್ ಹುಳ ನಾಲ್ಕನೇ ಜ್ವರಕ್ಕೆ ಬಂದಿದೆ, ಬಿಟ್ಟು ಬರೋಕಾಗಲ್ಲ" ಎಂದ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅವನ ಹುಳಗಳಿಗೆ ನಮ್ಮ ಮನೆಯ ಶುಭಕಾರ್ಯ ನೋಡಿಕೊಂಡೇ ಜ್ವರ ಬರುತ್ತಿತ್ತು. ಅಷ್ಟರಲ್ಲಿ ಶ್ರೀನಿವಾಸಪುರದ ದಾಯಾದಿ ದೊಡ್ಡಪ್ಪನವರು ತೀರಿಕೊಂಡು, ಸೂತಕ ಬಂದು, ಇಬ್ಬರ ಮಾನವನ್ನೂ ಕಾಪಾಡಿದರು. ಮುಡಿ ಮುಂದಕ್ಕೆ ಹೋಯಿತು.

ಕೂದಲಿಗೆ ಇದೆಲ್ಲ ಗೊತ್ತಿಲ್ಲ. ಅದು ಬೆಳೆಯಿತು. ನೀವು ನಂಬಬೇಕು, ಅಂಥ ಕೂದಲು ನನಗೂ ಇರಲಿಲ್ಲ, ನಮ್ಮ ಅತ್ತೆಗೂ ಇರಲಿಲ್ಲ. ಮೊದಲು ಒಂದು ಜುಟ್ಟು, ಆಮೇಲೆ ಎರಡು ಜುಟ್ಟು, ಆಮೇಲೆ ಜಡೆ. ನನಗೂ ಒಳಗೊಳಗೇ ಖುಷಿಯೇ. ಹೊಲಿಯಲು ಬಂದ ಬ್ಲೌಸ್ ಬಟ್ಟೆಗಳ ತುಂಡಿನಲ್ಲಿ ಬಣ್ಣಬಣ್ಣದ ರಿಬ್ಬನ್ ಹೊಲಿದೆ. ಕನಕಾಂಬರ ಮುಡಿಸಿದೆ. ಮಾಲೂರಿನ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಮೊಗ್ಗಿನ ಜಡೆ ಹಾಕಿಸಿ, ಬೆನ್ನು ಕಾಣುವಂತೆ ಕನ್ನಡಿ ಇಟ್ಟು ಫೋಟೋ ತೆಗೆಸಿದೆ. ಆ ಫೋಟೋ ಎಲ್ಲಿದೆ ಎಂದು ನನ್ನ ಮಗ ಇಂದಿಗೂ ಹುಡುಕುತ್ತಿದ್ದಾನೆ, ಹರಿಯುವುದಕ್ಕೆ.

ಬಸ್ಸಿನಲ್ಲಿ ಒಮ್ಮೆ ಒಬ್ಬ ಅಜ್ಜಿ ಅವನ ಗಲ್ಲ ಹಿಡಿದು, "ಎಂಥ ಲಕ್ಷಣವಾದ ಹುಡುಗಿ! ನಮ್ ಮೊಮ್ಮಗಂಗೆ ಕೊಟ್ಬಿಡಮ್ಮ" ಎಂದರು.

"ನಾನು ಗಂಡು ಕಣಜ್ಜಿ" ಎಂದ ಚರಣ, ಇಡೀ ಬಸ್ಸಿಗೆ ಕೇಳುವಂತೆ.

ಅಜ್ಜಿ ನನ್ನ ಮುಖವನ್ನೇ ನೋಡಿ, "ಪಾಪ, ಗಂಡು ಬೇಕು ಅಂತ ಮನೇಲಿ ಹಾಗೆ ಹೇಳ್ಕೊಟ್ಟಿದೀರ?" ಎಂದು ಮರುಗಿದರು. ಇಳಿಯುವವರೆಗೂ ಹೆಣ್ಣುಮಗು ಮನೆಗೆ ಲಕ್ಷ್ಮಿ ಎಂದು ನನಗೆ ಬುದ್ಧಿ ಹೇಳಿದರು. ಸುತ್ತಲಿನವರೆಲ್ಲ ಅವರ ಪಕ್ಷ.

ಶಾಲೆಗೆ ಸೇರಿಸಿದಾಗ ಹೇನು ಬಂತು. ಅಲ್ಲಿಯವರೆಗೆ ಹಾಡು ಹೇಳಿಕೊಂಡು ಜಡೆ ಹೆಣೆಯುತ್ತಿದ್ದ ಅತ್ತೆ ಸೀರಣಿಗೆ ಹಿಡಿದು ಕೂತರು. ದಿನಾ ಬೆಳಿಗ್ಗೆ ಜಗುಲಿಯಲ್ಲಿ ಒಂದು ಯುದ್ಧ. ಶಾಲೆಯಲ್ಲಿ ಹೊಸ ಮಿಸ್ ಬಂದು ಅವನನ್ನು ಹುಡುಗಿಯರ ಸಾಲಿನಲ್ಲಿ ನಿಲ್ಲಿಸಿದರು. ವಾರ್ಷಿಕೋತ್ಸವಕ್ಕೆ ಗೋಪಿಕೆಯ ಪಾತ್ರ ಕೊಟ್ಟರು. ಇವನು ಸಂತೋಷದಿಂದ ಮಾಡಿ, ಚೆನ್ನಾಗಿ ಕುಣಿದು ಬಹುಮಾನವನ್ನೂ ತಂದ. "ಅತ್ಯುತ್ತಮ ಗೋಪಿಕೆ" ಎಂದು ಬರೆದಿದ್ದ ಸ್ಟೀಲ್ ಡಬ್ಬಿ ನೋಡಿ ಯಜಮಾನರು ಅಂದು ಊಟ ಬಿಟ್ಟರು. ಹೋಗಿ ಬಾಮೈದನನ್ನು ಕರೆದರೋ? ಇಲ್ಲ. ಶಾಲೆಗೆ ಹೋಗಿ ಜಗಳವಾಡಿ ಬಂದರು. ಎಲೆ ಅಡಿಕೆಗಿಂತ ಅದು ಸುಲಭ.

ನಗುತ್ತಾ ಹೇಳುತ್ತಿದ್ದೇನೆ, ಆದರೆ ಆ ಬೇಸಿಗೆ ನಗುವಂತಿರಲಿಲ್ಲ. ದಟ್ಟ ಕೂದಲಿನ ಬುಡದಲ್ಲಿ ಸೆಕೆಗುಳ್ಳೆ ಎದ್ದವು. ಕೆರೆದು ಕೆರೆದು ಹುಣ್ಣಾಗಿ, ಕೀವು ಕಟ್ಟಿ, ಕೂದಲು ಅದಕ್ಕೆ ಅಂಟಿಕೊಂಡಿತು. ಮಗುವಿಗೆ ದಿಂಬಿಗೆ ತಲೆ ಇಡಲಾಗುತ್ತಿರಲಿಲ್ಲ. ಹಣೆಯನ್ನು ನನ್ನ ಭುಜಕ್ಕೆ ಒತ್ತಿಕೊಂಡು ಕೂತೇ ತೂಕಡಿಸುತ್ತಿತ್ತು. ಬಾಚಣಿಗೆ ಕಂಡರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿತ್ತು. ಮೈ ಬಿಸಿಯಾದಾಗ ಕೋಲಾರದಲ್ಲಿ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಜಡೆ ಎತ್ತಿ ನೋಡಿದರು. "ಮುಲಾಮು ಬರ್ಕೊಡ್ತೀನಮ್ಮ. ಆದ್ರೆ ಈ ಕೂದ್ಲು ಇರೋವರ್ಗೂ ಅದು ಜಡೆಗೆ ಹಚ್ಚಿದ ಹಾಗೆ, ತಲೆಗಲ್ಲ. ಇವತ್ತೇ ತೆಗೆಸ್ಬಿಡಿ. ಯಾಕೆ ಇಟ್ಕೊಂಡಿದೀರ?"

ಯಾಕೆಂದು ಹೇಳಲಿ? ಈರುಳ್ಳಿ ಎನ್ನಲೇ?

ಬಸ್ ಸ್ಟ್ಯಾಂಡಿಗೆ ಬಂದು ಮೊದಲು ಅತ್ತೆಗೆ ಫೋನ್ ಮಾಡಿದೆ. "ಸೋದರಮಾವನ ತೊಡೆ ಇಲ್ದೆ ಕತ್ತರಿ ಹಾಕ್ಸಿದ್ರೆ ಮಗೂಗೆ ಆಗಿಬರಲ್ಲ ಕಣಮ್ಮ. ನಾರಾಯಣನ್ನ ಕೇಳು" ಎಂದರು. ನಾರಾಯಣರನ್ನು ಕೇಳಿದೆ. ಹಿಂದೆ ಮಿಷನ್ ಸದ್ದು. "ಈಗ ಡ್ಯೂಟಿಲಿದೀನಿ. ಭಾನುವಾರ ಎಲ್ರೂ ಕೂತು ಯೋಚ್ನೆ ಮಾಡೋಣ" ಎಂದರು. ಎಷ್ಟು ಭಾನುವಾರ ಯೋಚನೆ ಮಾಡಿದ್ದೆವೋ ನನಗೇ ಗೊತ್ತು.

ಎದುರಿಗೆ ಮಾಲೂರಿನ ಬಸ್ಸೂ ಮುಳಬಾಗಿಲಿನ ಬಸ್ಸೂ ಪಕ್ಕಪಕ್ಕದಲ್ಲಿ ನಿಂತಿದ್ದವು. ಮಗು ಭುಜದ ಮೇಲೆ ಸಣ್ಣಗೆ ನರಳುತ್ತಿತ್ತು. ನಾನು ಮುಳಬಾಗಿಲಿನದು ಹತ್ತಿದೆ. ಬಸ್ಸು ಹೊರಟ ಮೇಲೆ ಯಜಮಾನರಿಗೆ ಮೆಸೇಜ್ ಹಾಕಿದೆ: "ದೇವರಾಯಸಮುದ್ರಕ್ಕೆ ಹೋಗ್ತಿದೀನಿ. ಮುಡಿ ಇವತ್ತೇ. ಬರೋದಾದ್ರೆ ಅತ್ತೇನ ಕರ್ಕೊಂಡು ಬನ್ನಿ." ಮದುವೆಯಾದ ಮೇಲೆ ನಾನು ಹೊರಡಿಸಿದ ಮೊದಲ ಅಪ್ಪಣೆ. ಧೈರ್ಯಕ್ಕೇನೂ ಕಡಿಮೆಯಿರಲಿಲ್ಲ. ಆದರೂ ತಕ್ಷಣ ಫೋನ್ ಆಫ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿಬಿಟ್ಟೆ.

ಹೆದ್ದಾರಿಯ ಗೇಟ್ ಸ್ಟಾಪಿನಲ್ಲಿ ಇಳಿದು ಊರೊಳಗೆ ನಡೆದು ಬಂದಾಗ ಮುನಿರಾಜು ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದ. ಅವನು ಸೋದರಳಿಯನನ್ನು ನೋಡಿದ್ದೆಲ್ಲ ಯಾರ್ಯಾರದೋ ಮದುವೆಗಳಲ್ಲಿ, ದೂರದಿಂದ. ಹೊರಗೆ ಬಂದು, ಕೈ ಒರೆಸಿಕೊಂಡು, "ಏನಕ್ಕ, ಫೋನೂ ಇಲ್ದೆ? ಬಾರೋ ಅಳಿಯ" ಎಂದು ತಲೆಯ ಮೇಲೆ ಕೈಯಿಟ್ಟ. ಮಗು ಕಿರುಚಿತು. ಮುನಿರಾಜು ಬೆಚ್ಚಿ ಕೈ ತೆಗೆದ. ಮೆಲ್ಲಗೆ ಬಗ್ಗಿ, ಒಂದು ಬೆರಳಿನಲ್ಲಿ ಕೂದಲು ಸರಿಸಿ ನೋಡಿದ. ಬಹಳ ಹೊತ್ತು ನೋಡಿದ.

"ಯಾವಾಗಿಂದ ಅಕ್ಕ?"

"ಸೆಕೆ ಶುರುವಾದಾಗಿಂದ."

"ಮತ್ತೆ ಯಾಕೆ ತೆಗೆಸ್ಲಿಲ್ಲ?"

"ನಿನ್ ತೊಡೆ ಖಾಲಿ ಇರ್ಲಿಲ್ವಲ್ಲೋ" ಎಂದೆ.

ಅವನು ಹುಳದ ಮನೆಯ ಹಿಂದಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಕಣ್ಣು ಕೆಂಪು ಮಾಡಿಕೊಂಡು ಬಂದು, "ಹುಳಕ್ಕೆ ಹಾಕೋ ಸುಣ್ಣದ ಪುಡಿ ಕಣ್ಣಿಗೆ ಬಿತ್ತು" ಎಂದ. ಹೆಂಡತಿ ಲಕ್ಷ್ಮಿಗೆ ನೀರು ಕಾಯಿಸಲು ಹೇಳಿ, ಬೈಕ್ ಹತ್ತಿ, ಕಟಿಂಗ್ ಶಾಪಿನ ರಾಮಾಂಜಿಯನ್ನು ಕರೆತರಲು ಹೋದ. ಹುಳಗಳು ಜ್ವರದಲ್ಲಿದ್ದವೋ ಇಲ್ಲವೋ, ಅಂದು ಯಾರೂ ಕೇಳಲಿಲ್ಲ.

ರಾಮಾಂಜಿ ಹೊಂಗೆ ಮರದ ಕೆಳಗೆ ಸಾಮಾನು ಹರಡುವ ಹೊತ್ತಿಗೆ ಒಂದು ಬಾಡಿಗೆ ಕಾರು ಬಂತು. ಕಂಪನಿಯ ಯೂನಿಫಾರಮ್ಮಿನಲ್ಲೇ, ಕೊರಳಲ್ಲಿ ಕಾರ್ಡು ತೂಗುಹಾಕಿಕೊಂಡೇ ಯಜಮಾನರು ಇಳಿದರು. ಹಿಂದೆ ಅತ್ತೆ.

"ಅಕ್ಕ, ಬಾವಂಗೆ ಚೇರ್ ಮೇಲೆ ಕೂತ್ಕೊಳ್ಳೋಕ್ ಹೇಳು" ಎಂದ ಮುನಿರಾಜು. ಬಾವ ಅವನಿಂದ ಒಂದು ಮಾರು ದೂರದಲ್ಲಿದ್ದರು.

"ಪರವಾಗಿಲ್ಲ, ನಿಂತಿರ್ತೀನಿ ಅಂತ ಹೇಳು" ಎಂದರು ಯಜಮಾನರು.

"ನೀರಾದ್ರೂ ಕುಡೀಬೇಕಂತೆ ಅಂತ ಹೇಳಕ್ಕ."

ನಾನು ಯಾರಿಗೂ ಏನೂ ಹೇಳಲಿಲ್ಲ. ಅತ್ತೆಯ ಕಡೆ ತಿರುಗಿದೆ. ಜಗಳವಾಡುವುದಾದರೆ ಅವರೊಬ್ಬರ ಜೊತೆ ಆಡಿ ಮುಗಿಸಿಬಿಡೋಣವೆಂದು ಸೆರಗು ಸಿಕ್ಕಿಸಿಕೊಂಡಿದ್ದೆ. ಮುನೇಶ್ವರನ ಸನ್ನಿಧಿ ಇದಲ್ಲ. ಇದು ನಾಲ್ಕನೇ ವರ್ಷ, ಸಮ ಸಂಖ್ಯೆ. ಅತ್ತೆ ಮೊಮ್ಮಗನ ತಲೆ ನೋಡಿದರು, ನನ್ನ ಮುಖ ನೋಡಿದರು, ಹೊಂಗೆ ಮರವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಹೊಟ್ಟೇಲಿದ್ದ ಒಂಬತ್ತು ತಿಂಗ್ಳು ಸೇರಿಸ್ಕೊಂಡ್ರೆ ಐದು ನಡೀತಾ ಐತೆ. ಬೆಸವೇ ಆಯ್ತು" ಎಂದರು. "ಕೂದ್ಲು ಅರಿಶಿನದ ಬಟ್ಟೇಲಿ ಕಟ್ಕೊಂಡು ಹೋಗಿ ಮುನೇಶ್ವರಂಗೆ ಒಪ್ಪಿಸಿದ್ರಾಯ್ತು. ದೇವ್ರೇನು ಬೋಳಿಸೋದನ್ನ ಕೂತ್ಕೊಂಡು ನೋಡ್ತಾನಾ?"

ಇಷ್ಟು ವರ್ಷ ಕಲ್ಲಿನಂತಿದ್ದ ಕಾನೂನು ಎರಡು ಮಾತಿನಲ್ಲಿ ಮೇಣದಂತೆ ಬಾಗಿತು. ನನಗೆ ಸಿಟ್ಟು ಬರಬೇಕಾಗಿತ್ತು. ಅಳು ಬಂತು.

ಮುನಿರಾಜು ಚಾಪೆಯ ಮೇಲೆ ಕೂತು ಅಳಿಯನನ್ನು ತೊಡೆಯ ಮೇಲೆ ಕೂರಿಸಿಕೊಂಡ. ರಾಮಾಂಜಿ ಮಿಷನ್ ಕೈಗೆತ್ತಿಕೊಂಡ. ಅದು ಗುಯ್ಯೆಂದಿತು. ಚರಣ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು, "ನೋವಾಗುತ್ತೆ!" ಎಂದು ಚೀರಿದ.

"ಒಂಚೂರೂ ನೋವಾಗಲ್ಲ ಕಣೋ ಅಳಿಯ" ಎಂದ ಮುನಿರಾಜು.

"ಹಾಗಾದ್ರೆ ಮೊದ್ಲು ನಿಂಗೆ ಮಾಡ್ಲಿ."

ನನ್ನ ತಮ್ಮನ ಕೂದಲಿನ ಬಗ್ಗೆ ಹೇಳಬೇಕು. ಮುಂಭಾಗ ಗೋಪುರದಂತೆ ಎಬ್ಬಿಸಿ, ತುದಿಗೆ ಹೊಂಬಣ್ಣ ಹೊಡೆಸಿದ್ದ. ಬೈಕಿನಲ್ಲಿ ಹೋದರೂ ಅಲುಗದು. ಅವನು ರಾಮಾಂಜಿಯ ಮುಖ ನೋಡಿದ, ಮಗುವಿನ ಮುಖ ನೋಡಿದ. ಯಜಮಾನರು ಅತ್ತ ತಿರುಗಿ ಕೆಮ್ಮಿದರು. ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಾಯಿತು.

"ಹಾಕು ರಾಮಾಂಜಿ" ಎಂದ ಮುನಿರಾಜು.

ಗೋಪುರ ಬಿತ್ತು. ಚರಣ ಮಾವನ ತೊಡೆಯ ಮೇಲೆ ಕೂತೇ ಕತ್ತೆತ್ತಿ, ಅವನು ಎಲ್ಲಾದರೂ "ಅಯ್ಯೋ" ಎನ್ನುತ್ತಾನೋ ಎಂದು ಪರೀಕ್ಷೆ ಮಾಡುತ್ತಿದ್ದ. ಪೂರ್ತಿ ಬೋಳಾದ ಮೇಲೆ ಒಮ್ಮೆ ಸವರಿ ನೋಡಿ, "ಮಾಮಂಗೆ ನೋವಾಗಲ್ಲ. ದೊಡ್ಡೋನು. ಅಪ್ಪಂಗೆ ಆಗುತ್ತಾ ನೋಡ್ಬೇಕು" ಎಂದ.

ಈಗ ಕೆಮ್ಮಿದ್ದು ಮುನಿರಾಜು.

ಯಜಮಾನರಿಗೆ ನಡುನೆತ್ತಿಯಲ್ಲಿ ಕೂದಲಿಲ್ಲ. ಎಡಗಡೆಯದನ್ನು ಉದ್ದ ಬಿಟ್ಟು, ಎಣ್ಣೆ ಹಚ್ಚಿ ಬಲಗಡೆಗೆ ದಾಟಿಸುತ್ತಿದ್ದರು. ದಿನವೂ ಕನ್ನಡಿಯ ಮುಂದೆ ಆ ಸೇತುವೆ ಕಟ್ಟುವ ಹೊತ್ತಿಗೆ ಕಂಪನಿ ಬಸ್ಸು ಬಂದು ಹಾರನ್ ಹೊಡೆಯುತ್ತಿತ್ತು. "ನಂಗೆ ನಾಳೆ ಡ್ಯೂಟಿ ಇದೆ..." ಎಂದು ಶುರುಮಾಡಿದರು. ಮಗ ನೋಡುತ್ತಲೇ ಇದ್ದ. ಕೊರಳಿನ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟು, ಬಾಮೈದನ ಪಕ್ಕದಲ್ಲಿ ಚಾಪೆಯ ಮೇಲೆ ಕೂತರು.

ಅಪ್ಪನೂ "ಅಯ್ಯೋ" ಎನ್ನಲಿಲ್ಲ. ಆಮೇಲೆ ಚರಣ ಅಳದೆ ತಲೆ ಕೊಟ್ಟ. ಅಂಟಿದ ಕಡೆಯಲ್ಲೆಲ್ಲ ರಾಮಾಂಜಿ ಬಿಸಿನೀರಿನ ಬಟ್ಟೆ ಇಟ್ಟು, ಬಿಡಿಸಿ ಬಿಡಿಸಿ, ಮೆಲ್ಲಗೆ ಮಿಷನ್ ಆಡಿಸಿದ. ಮುನಿರಾಜು ಮಗುವಿನ ಎರಡು ಕೈಗಳನ್ನೂ ತನ್ನ ಒಂದು ಕೈಯಲ್ಲಿ ಹಿಡಿದುಕೊಂಡು, ನೋವಾದಾಗಲೆಲ್ಲ "ಆಯ್ತು ನಾಯನಾ, ಆಯ್ತು" ಎನ್ನುತ್ತಿದ್ದ. ಜಡೆ ಅರಿಶಿನದ ಬಟ್ಟೆಗೆ ಬಿತ್ತು. ಮುಲಾಮು ಮೊದಲ ಸಲ ತಲೆಗೆ ತಾಕಿತು.

ಆಮೇಲೆ ಊಟಕ್ಕೆ ಕೂತಾಗ ಇಬ್ಬರೂ ಒಬ್ಬರ ತಲೆಯನ್ನೊಬ್ಬರು ಕದ್ದು ನೋಡುತ್ತಿದ್ದರು.

"ಅವತ್ತು ಈರುಳ್ಳಿ ಹಾಕ್ಸಿದ್ದು ನಾನಲ್ಲ ಕಣಯ್ಯ. ಅಡುಗೆಯೋರು" ಎಂದರು ಯಜಮಾನರು, ಮುದ್ದೆ ಮುರಿಯುತ್ತಾ.

"ಗೊತ್ತು ಬಾವ."

"ಯಾವಾಗ ಗೊತ್ತಾಯ್ತು?"

"ಅವತ್ತೇ."

ಯಜಮಾನರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಯಾರು ಮೊದಲು ನಕ್ಕರೋ ಗೊತ್ತಿಲ್ಲ. ನಾನೂ ಲಕ್ಷ್ಮಿಯೂ ಮಾತ್ರ ನಗಲಿಲ್ಲ. ನಮಗೆ ಇಬ್ಬರ ತಲೆಗೂ ಸೌಟಿನಲ್ಲಿ ಒಂದೊಂದು ಬಿಡಬೇಕೆನಿಸಿತ್ತು.

ಮಗುವಿನ ಗುಳ್ಳೆ ಬೇಗ ಮಾಯ್ದವು. ತೊಂದರೆಯಾದದ್ದು ಯಜಮಾನರಿಗೆ. ಮರುದಿನ ನುಣ್ಣನೆಯ ತಲೆಯಲ್ಲಿ ಕಂಪನಿ ಬಸ್ಸು ಹತ್ತಿದ್ದೇ ಬಸ್ಸೆಲ್ಲ ಗಪ್‌ಚಿಪ್ ಆಯಿತಂತೆ. ಯಾರೋ ಎದ್ದು ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಯಾರೋ ಭುಜ ಒತ್ತಿ, "ಧೈರ್ಯ ತಗೊಳ್ಳಿ ಸ್ವಾಮಿ. ವಯಸ್ಸಾಗಿತ್ತಾ?" ಎಂದು ಕೇಳಿದರು. ನಮ್ಮವರಿಗೆ ನಿದ್ದೆಗಣ್ಣು. ತಮ್ಮ ತಲೆಯ ಬಗ್ಗೆಯೇ ಕೇಳುತ್ತಿದ್ದಾರೆಂದುಕೊಂಡು, "ಹ್ಞೂ, ವಯಸ್ಸಾಯ್ತಲ್ಲ" ಎಂದರು. ಮಧ್ಯಾಹ್ನದ ಹೊತ್ತಿಗೆ ನಿಜ ವಿಷಯ ಹೊಳೆಯಿತಂತೆ. ಆದರೆ ಆ ದಿನ ಸೂಪರ್‌ವೈಸರ್ ಬೈಯದೆ ಬಹುವಚನದಲ್ಲಿ ಮಾತಾಡಿಸಿದ್ದರು. ತಕ್ಷಣ ತಿದ್ದಲು ಮನಸ್ಸು ಬರಲಿಲ್ಲ ಎಂದು ಇವರೇ ಆಮೇಲೆ ಹೇಳಿದರು.

ಭಾನುವಾರ ಬೆಳಿಗ್ಗೆ ನಾಲ್ಕೈದು ಜನ ಸಹೋದ್ಯೋಗಿಗಳು ಬಾಳೆಹಣ್ಣು, ಹಾಲಿನ ಪ್ಯಾಕೆಟ್ ಹಿಡಿದು, ಮುಖ ಸಣ್ಣಗೆ ಮಾಡಿಕೊಂಡು ಬಂದರು. ಅವರನ್ನು ಕಿಟಕಿಯಿಂದ ಕಂಡ ಯಜಮಾನರು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡರು. ಅಂಗಳದಲ್ಲಿ ಆಡುತ್ತಿದ್ದ ಚರಣನ ಬೋಳುತಲೆ ನೋಡಿ ಒಬ್ಬರು ಮುಂದೆ ಬಂದರು. ಎತ್ತಿಕೊಂಡು, "ಅಜ್ಜಿ ದೇವ್ರ ಹತ್ರ ಹೋದ್ರಾ ಕಂದ?" ಎಂದರು.

"ಇಲ್ಲ. ಹಿತ್ಲಲ್ಲಿ ಹಸು ಕಟ್ತಾವ್ರೆ" ಎಂದ ಚರಣ.

ಅಷ್ಟರಲ್ಲಿ ಅತ್ತೆ ಕೈಯಲ್ಲಿ ಹಗ್ಗ ಹಿಡಿದುಕೊಂಡೇ ಬಂದರು. ಎಲ್ಲರೂ ಎದ್ದು ನಿಂತರು. ಬಂದವರ ಮುಖಗಳನ್ನು ನೋಡಿ ಅತ್ತೆಗೆ ಗಾಬರಿಯಾಯಿತು. "ಏನಾಯ್ತ್ರಪ್ಪ? ಯಾರು ಹೋಗ್ಬಿಟ್ರು?" ಎಂದರು.

ಹಾಲಿನ ಪ್ಯಾಕೆಟ್ ಹಿಡಿದಿದ್ದ ಹುಡುಗ ತೊದಲುತ್ತಾ, "ಅದು... ನೀವೇ ಅಂತ... ಬಸ್ಸಲ್ಲಿ ಹೇಳಿದ್ರು" ಎಂದ.

ಅತ್ತೆ ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿ, ಅವನ ಕೈಯಿಂದ ಹಾಲಿನ ಪ್ಯಾಕೆಟ್ ತೆಗೆದುಕೊಂಡು ಅಡುಗೆಮನೆಗೆ ಬಂದು ನನ್ನ ಮುಂದಿಟ್ಟರು.

"ಹೋಗಿರೋದು ನಾನೇ ಅಂತೆ ಕಣಮ್ಮ. ಪಾಪ, ಅಷ್ಟು ದೂರದಿಂದ ಬಂದವ್ರೆ. ಕಾಫಿ ಇಡು. ನಂಗೂ ಒಂದು ಲೋಟ."